ಸೇತುವೆ ಇಳಿಯಲು ಒಂದು ಬ್ರೇಕು

ಸತ್ತವರ ಬಗ್ಗೆ ಪಾದ್ರಿಗಳು ಆಡುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಡನ್ ಸ್ಟ್ರಿಕ್ಲಂಡ್ ಸತ್ತಾಗ ನಮ್ಮ ಪಾದ್ರಿ ಅವನನ್ನು ಶಾಂತ ಸ್ವಭಾವದ ಸಜ್ಜನ ಎಂದರು. ಎಲ್ಡನ್ ಶಾಂತನೂ ಅಲ್ಲ, ಸಜ್ಜನನೂ ಅಲ್ಲ. ಆಯುಷ್ಯದ ಅರ್ಧವನ್ನು ಕುಡಿದು ಹಾಳು ಮಾಡಿಕೊಂಡ, ಉಳಿದದ್ದನ್ನು ಅದರ ದಂಡ ತೆರುವುದರಲ್ಲಿ ಕಳೆದ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಯಾರಾದರೂ ಬೇಕಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ನೀವೇ ತೀರ್ಮಾನ ಮಾಡಿ.

ನಾನು ವರ್ನಾ. ನಮ್ಮದು ಫ್ಲೋರಿಡಾದ ಕಡಲಂಚಿನ ಊರು. ಮೀನು, ಸಿಗಡಿ, ಏಡಿ ನಂಬಿ ಬದುಕುವ ಜನ. ಟ್ರೈಲರ್ ಮನೆಗಳ ವಠಾರದ ಹಿಂದೆ ನನ್ನ ತಗಡಿನ ಶೆಡ್ಡು. ಗಂಡ ಹೋದಮೇಲೆ ಅವನ ಸ್ಪ್ಯಾನರುಗಳನ್ನು ಮಾರು ಎಂದು ಎಲ್ಲರೂ ಬುದ್ಧಿ ಹೇಳಿದರು. ಮಾರಲಿಲ್ಲ, ಹಿಡಿಯುವುದನ್ನು ಕಲಿತೆ. ಹುಲ್ಲು ಕತ್ತರಿಸುವ ಯಂತ್ರ, ದೋಣಿಯ ಮೋಟರು, ಆಮೇಲೆ ಮೋಟರು ಕಟ್ಟಿದ ಸೈಕಲ್ಲು. ಈ ಸೈಕಲ್ಲುಗಳು ನಮ್ಮೂರಲ್ಲಿ ಹತ್ತಿಪ್ಪತ್ತು ಇದ್ದಾವು. ಅಗಲ ಹ್ಯಾಂಡಲ್ಲು, ದಪ್ಪ ಟೈರು, ಎರಡು ಕಾಲಿನ ನಡುವೆ ಡಬ್ಬದಲ್ಲಿ ಬರುವ ಅಗ್ಗದ ಎಂಜಿನ್ನು. ಷೋಕಿಗೆ ಇಟ್ಟುಕೊಂಡವರು ಯಾರೂ ಇಲ್ಲ. ಕುಡಿದು ಕಾರು ಓಡಿಸಿ ಲೈಸೆನ್ಸು ಕಳೆದುಕೊಂಡವರು, ಬಸ್ಸಿಲ್ಲದ ಊರಲ್ಲಿ ಕೆಲಸಕ್ಕೆ ಹೋಗಬೇಕಾದವರು. ಇದಕ್ಕೂ ಕಾನೂನು ಇದೆಯಂತೆ, ಆದರೆ ಪೊಲೀಸರು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಾರೆ.

ಎಲ್ಡನ್ನನ ಲೈಸೆನ್ಸು ಹೋದದ್ದು ಮಗಳನ್ನು ಬಲಿ ಕೊಟ್ಟು. ಮಾರ್ನಿಗೆ ಆಗ ಹದಿನೇಳು. ಶಾಲೆಯ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದಳು. ಕರೆದುಕೊಂಡು ಬರಲು ಹೋದ ಅಪ್ಪ ಮೂಗಿನ ಮಟ್ಟ ಕುಡಿದಿದ್ದ. ನಾನೇ ಓಡಿಸ್ತೀನಿ ಎಂದು ಅವಳು ಬೇಡಿಕೊಂಡರೂ ಬೀಗದ ಕೈ ಕೊಡಲಿಲ್ಲ. ಕಾರು ಹೋಗಿ ಕಾಲುವೆಗೆ ಬಿತ್ತು. ಇವನಿಗೆ ಹಣೆಯ ಮೇಲೆ ಎರಡು ಹೊಲಿಗೆ. ಅವಳಿಗೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಏನೂ ಉಳಿಯಲಿಲ್ಲ. ತಲೆ ಮಾತ್ರ ನೆಟ್ಟಗಿದೆ, ಮಾತು ನಿಧಾನ. ತಾಯಿ ಮೊದಲೇ ತೀರಿಕೊಂಡಿದ್ದಳು. ಎಲ್ಡನ್ ಜೈಲಿಗೆ ಹೋದ, ದೊಡ್ಡಮ್ಮ ಗ್ಲೆಂಡಾ ಮಾರ್ನಿಯ ಹೊಣೆ ಹೊತ್ತು ಸೇತುವೆಯಾಚೆ ದ್ವೀಪದಲ್ಲಿರುವ ಆರೈಕೆ ಮನೆಗೆ ಸೇರಿಸಿದಳು.

ಜೈಲಿನಿಂದ ಬಂದವನನ್ನು ಮಾರ್ನಿ ಒಂದು ವರ್ಷ ಒಳಗೇ ಬಿಡಲಿಲ್ಲ. ಆಮೇಲೆ ಒಂದು ದಿನ ಕರೆಸಿದಳು. ಅವನೇ ನನಗೆ ಹೇಳಿದ್ದು. ದಿನಾ ಸಂಜೆ ಐದಕ್ಕೆ ಬಾ, ಬಂದು ನನ್ನ ಮುಖದ ಮೇಲೆ ಊದು, ವಾಸನೆ ಇಲ್ಲದಿದ್ದರೆ ಊಟ ನಿನ್ನ ಕೈಯಿಂದ ತಿನ್ನುತ್ತೇನೆ. ಒಂದೇ ಒಂದು ದಿನ ವಾಸನೆ ಬಂದರೆ ನನಗೆ ಅಪ್ಪ ಇಲ್ಲ ಅಂದುಕೊಳ್ಳುತ್ತೇನೆ. ಇಷ್ಟೇ ಅವಳು ಹಾಕಿದ ಷರತ್ತು. ಒಂಬತ್ತು ವರ್ಷ ಅವನು ಹೋಗಿ ಊದಿದ. ಚಂಡಮಾರುತಕ್ಕೆ ಸೇತುವೆ ಮುಚ್ಚಿದಾಗ ಮಾತ್ರ ತಪ್ಪಿಸಿದ್ದು. ಕೆಮ್ಮಿನ ಔಷಧಿ ಕೂಡ ಕುಡಿಯುತ್ತಿರಲಿಲ್ಲ ಕಣ್ರೀ, ಅದರಲ್ಲಿ ಎಲ್ಲಿ ಒಂದು ಹನಿ ಇದ್ದುಬಿಟ್ಟೀತೋ ಎಂದು. ಎದೆ ಕಿತ್ತುಬರುವ ಹಾಗೆ ಕೆಮ್ಮುತ್ತಾ ನನ್ನ ಶೆಡ್ಡಿನಲ್ಲಿ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಬ್ರೇಕಿನ ವಿಷಯ. ಈ ಸೈಕಲ್ಲುಗಳಿಗೆ ಇರುವುದು ಒಂದೇ ಬ್ರೇಕು, ಅದೂ ಹಿಂದಿನ ಚಕ್ರದ ನಟ್ಟನಡುವಿನ ಗುಂಬದೊಳಗೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುತ್ತದೆ. ನಮ್ಮೂರು ಅಂಗೈಯ ಹಾಗೆ ಸಪಾಟು, ಅಷ್ಟು ಸಾಕು. ಇಡೀ ಊರಿಗೆ ಇಳಿಜಾರು ಎಂದರೆ ಆ ದ್ವೀಪದ ಸೇತುವೆ ಒಂದೇ. ಕೆಳಗೆ ದೋಣಿಗಳು ಹಾಯಲಿ ಎಂದು ಆಕಾಶಕ್ಕೆ ಎತ್ತಿ ಕಟ್ಟಿದ್ದಾರೆ. ಇಳಿದು ಮುಗಿಯುವಲ್ಲೇ ಸಿಗ್ನಲ್ಲು. ಯಾವ ಪುಣ್ಯಾತ್ಮ ಅಲ್ಲಿ ಇಟ್ಟನೋ! ಎಂಜಿನ್ನಿನ ಭಾರ, ಎಲ್ಡನ್ನನ ಭಾರ ಎರಡೂ ಸೇರಿ ಇಳಿಯುವಾಗ ಗುಂಬ ಕಾದು ಗ್ರೀಸು ಹೊಗೆಯಾಡುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ದಿನ ಬ್ರೇಕು ಹಿಡಿಯದೆ ಕೆಂಪು ದೀಪದಲ್ಲೇ ನುಗ್ಗಿಬಿಟ್ಟ. ಯಾವ ಗಾಡಿಯೂ ಬರಲಿಲ್ಲ, ಬದುಕಿಕೊಂಡ.

ಗುಂಬದ ಒಳಗಿನದ್ದನ್ನೆಲ್ಲ ನಾನು ಹೊಸದು ಹಾಕಿಕೊಟ್ಟೆ. ತಿಂಗಳಿಗೆ ಮತ್ತದೇ ಹೊಗೆ. ಆಮೇಲೆ ಅವನು ಸೇತುವೆಯ ನೆತ್ತಿಯಲ್ಲಿ ಇಳಿದು, ಸೈಕಲ್ಲು ತಳ್ಳಿಕೊಂಡು ಕೆಳಗೆ ಹೋಗಲು ಶುರು ಮಾಡಿದ. ಊರಿನ ಆಚೆ ತುದಿಯ ಮೀನಿನ ಮಂಡಿಯಲ್ಲಿ ಕೆಲಸ ಬಿಡುವುದು ನಾಲ್ಕೂಕಾಲಿಗೆ. ನಡೆದರೆ ಐದಕ್ಕೆ ತಲುಪುವುದಿಲ್ಲ. ಆರೈಕೆ ಮನೆಯವರು ಐದೂಕಾಲಿಗೆ ತಟ್ಟೆ ಎತ್ತಿಬಿಡುತ್ತಾರೆ. ಮಾರ್ನಿಯೋ ಬೇರೆಯವರ ಕೈಯಿಂದ ರಾತ್ರಿಯೂಟ ತಿನ್ನುವವಳಲ್ಲ. ವಾರದಲ್ಲಿ ಮೂರು ದಿನ ಹಸಿದು ಮಲಗತೊಡಗಿದಳು.

"ಮಿಸ್ ವರ್ನಾ, ಮುಂದಿನ ಚಕ್ರಕ್ಕೂ ಒಂದು ಬ್ರೇಕು ಹಾಕಿಕೊಡ್ತೀರಾ?" ಎಂದು ಟೋಪಿ ಕೈಯಲ್ಲಿ ಹಿಡಿದು ಬಂದ.

"ಹಾಕ್ತೀನಿ. ಎಂಥದ್ದು ಬೇಕೋ ಮಹಾರಾಯ?"

"ನಿಲ್ಲಿಸೋ ಅಂಥದ್ದು."

"ಅಯ್ಯೋ, ಏನು ಬುದ್ಧಿವಂತ! ನಿಲ್ಲಿಸದೇ ಇರೋದನ್ನ ನಾನೇನು ಮಾರಾಟಕ್ಕೆ ಇಟ್ಟಿದೀನಾ?"

ಕೂರಿಸಿಕೊಂಡು ಹೇಳಿದೆ. ಡಿಸ್ಕ್ ಬ್ರೇಕು ಎಂದರೆ ಚಕ್ರದ ಜೊತೆಗೆ ಮುಂದಿನ ಫೋರ್ಕನ್ನೂ ಬದಲಾಯಿಸಬೇಕು, ಅದು ಅವನ ಎರಡು ವಾರದ ಕೂಲಿ. ಗುಂಬದೊಳಗೇ ಡ್ರಮ್ ಬ್ರೇಕು ಇರುವ ಚಕ್ರ ತರಿಸಿದರೆ ತೊಂಬತ್ತು ಡಾಲರು. ಇನ್ನೊಂದು, ಹಳೆಯ ಸೈಕಲ್ಲುಗಳಲ್ಲಿ ಇರುವಂಥದ್ದು: ಎರಡು ತೋಳು, ತುದಿಯಲ್ಲಿ ರಬ್ಬರು, ಕೇಬಲ್ಲು ಎಳೆದರೆ ರಿಮ್ಮನ್ನು ಎರಡೂ ಕಡೆಯಿಂದ ಚಿವುಟಿ ಹಿಡಿಯುತ್ತದೆ. ಇಪ್ಪತ್ತೆರಡು ಡಾಲರು.

"ಡ್ರಮ್ ಹಾಕಿಸ್ಕೋ," ಎಂದೆ. "ಮಳೆ ಬರಲಿ, ಮಣ್ಣು ಬರಲಿ, ಒಳಗಿರತ್ತೆ, ಏನೂ ಆಗಲ್ಲ. ದುಡ್ಡು ನಿಧಾನಕ್ಕೆ ಕೊಡು."

"ಬೇಡ. ಈ ತಿಂಗಳು ಅವಳಿಗೆ ಗಾಳಿ ತುಂಬೋ ಹಾಸಿಗೆ ತಗೋಬೇಕು. ಬೆನ್ನಲ್ಲಿ ಹುಣ್ಣಾಗ್ತಿದೆ. ಚಿವುಟೋದೇ ಹಾಕಿ."

"ನಿನ್ನ ರಿಮ್ಮು ಕ್ರೋಮು ಕಣೋ. ಮಳೆ ಬಂದ್ರೆ ಜಾರತ್ತೆ."

"ಮಳೆ ಬಂದ್ರೆ ಇಳಿದು ತಳ್ತೀನಿ. ಮಾತು ಕೊಟ್ಟೆ, ಸಾಕಾ?"

ಅವನ ಮಾತಿಗೆ ಬೆಲೆ ಇತ್ತು. ಹೂಂ ಅಂದುಬಿಟ್ಟೆ.

ಮೊದಲು ತಂದ ಜೋಡಿಯ ತೋಳು ಗಿಡ್ಡ. ಈ ಸೈಕಲ್ಲಿನ ಟೈರು ದಪ್ಪ ನೋಡಿ, ರಬ್ಬರು ರಿಮ್ಮಿನವರೆಗೆ ಇಳಿಯದೆ ಟೈರನ್ನೇ ಕಚ್ಚುತ್ತಿತ್ತು. ಬೈದುಕೊಂಡು ವಾಪಸು ಕಳಿಸಿ ಉದ್ದ ತೋಳಿನದು ತರಿಸಿದೆ. ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅವನು ತಳ್ಳಿಕೊಂಡೇ ಹೋದ.

ಶುಕ್ರವಾರ ಮಂಡಿಗೆ ರಜೆ ಹಾಕಿ ಬಂದು ಪಕ್ಕದಲ್ಲೇ ಕೂತ. ಮಡ್‌ಗಾರ್ಡಿನ ತೂತಿನಲ್ಲೇ ಬ್ರೇಕಿನ ಬೋಲ್ಟು ಹೋಯಿತು. ಎಡಗೈಗೆ ಕ್ಲಚ್ಚು ಮೊದಲೇ ಇತ್ತು, ಬ್ರೇಕಿನ ಹಿಡಿಯನ್ನು ಬಲಗೈಗೆ, ಎಕ್ಸಲೇಟರಿನ ಮುಂದೆ ಕೂರಿಸಿದೆ. ರಬ್ಬರು ಕೀಚಲಿಡಬಾರದು ಎಂದರೆ ಅದರ ಮುಂದಿನ ತುದಿ ಕೂದಲೆಳೆಯಷ್ಟು ಒಳಗಿರಬೇಕು. ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಒಂದು ರಟ್ಟಿನ ಚೂರು ಸಿಕ್ಕಿಸಿ ಬಿಗಿದರೆ ಸರಿಹೋಗುತ್ತದೆ. ಎಲ್ಡನ್ ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕೇಬಲ್ಲು ಎಳೆದು ಬಿಗಿದು, ಬಾ ಹಿಡಿದು ನೋಡು ಅಂದೆ. ಹಿಡಿ ಒತ್ತಿ ಸೈಕಲ್ಲನ್ನು ಮುಂದಕ್ಕೆ ನೂಕಿದ. ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿತು.

"ಅಬ್ಬಾ! ಕುದುರೆ ಮುಗ್ಗರಿಸಿದ ಹಾಗೆ ಆಯ್ತಲ್ಲ!"

"ಮತ್ತೇನಂದ್ಕೊಂಡೆ? ಹತ್ತಿ ಒಂದು ಸುತ್ತು ಹೊಡಿ."

ವಠಾರವನ್ನು ಎರಡು ಸುತ್ತು ಹಾಕಿದ. ನನ್ನ ಬಾಗಿಲ ಮುಂದೆ ಗಕ್ಕನೆ ನಿಲ್ಲಿಸಿ ನಕ್ಕ. ಐವತ್ತನಾಲ್ಕು ವರ್ಷದವನು, ಮುಂದೆ ಎರಡು ಹಲ್ಲಿಲ್ಲ. ಅಂಥ ನಗು ಅವನ ಮುಖದಲ್ಲಿ ನಾನು ನೋಡಿರಲಿಲ್ಲ.

ಕೈ ತೊಳೆದು ಬರುತ್ತೇನೆಂದು ಅವನು ಒಳಗೆ ಹೋದ. ಆಗ ನಾನು ಏನು ಮಾಡಿದೆ ಹೇಳಲೇ? ಕಡಲಂಚಿನ ಊರಿನವರು ಯಾರೂ ಯಾರ ಗಾಡಿಯನ್ನೂ ಹಾಗೇ ವಾಪಸು ಕೊಡುವುದಿಲ್ಲ. ಉಪ್ಪಿನ ಗಾಳಿಗೆ ಕಬ್ಬಿಣ ಎಂಬುದು ವಾರದಲ್ಲಿ ಹಪ್ಪಳವಾಗುತ್ತದೆ. ಅದಕ್ಕೇ ಎಣ್ಣೆಬಟ್ಟೆ ತೆಗೆದುಕೊಂಡು ಹ್ಯಾಂಡಲ್ಲು, ಫೋರ್ಕು, ಚೈನಿನ ಮುಚ್ಚಳ, ರಿಮ್ಮು ಎಲ್ಲ ಒರೆಸಿ ಕೊಡುವುದು ಮರ್ಯಾದೆ. ಇಪ್ಪತ್ತು ವರ್ಷ ಒರೆಸಿದ್ದೇನೆ. ಬ್ರೇಕು ಗುಂಬದೊಳಗೆ ಇರುವ ಸೈಕಲ್ಲಿಗೆ ರಿಮ್ಮಿನ ಮೇಲೆ ಎಣ್ಣೆ ಇದ್ದರೆ ಏನಾಗಬೇಕು? ಏನೂ ಆಗುವುದಿಲ್ಲ. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಮುಂದಿನ ಚಕ್ರ ತಿರುಗಿಸಿ ಬಟ್ಟೆ ಹಿಡಿದೆ, ಫಳಫಳ ಹೊಳೆಯಿತು. ಬಾಯಿ ಮಾತ್ರ ಒಳಗಿದ್ದವನಿಗೆ ಬುದ್ಧಿ ಹೇಳುತ್ತಿತ್ತು, "ಮಳೆ ಬಂದ್ರೆ ಇಳಿಬೇಕು, ತಿಳೀತಾ?"

"ತಿಳೀತು ಮಿಸ್ ವರ್ನಾ!" ಎಂದು ಅವನು ಒಳಗಿನಿಂದಲೇ ಕೂಗಿದ.

ಹೊರಗೆ ಬಂದು ಸೈಕಲ್ಲು ನೋಡಿ, "ಅಂಗಡೀಲಿ ಇಟ್ಟಿರೋ ಹಾಗಿದೆ," ಎಂದ. ಬಾಳೆಹಣ್ಣಿನ ಪುಡ್ಡಿಂಗಿನ ಡಬ್ಬ ಬುಟ್ಟಿಯಲ್ಲಿಟ್ಟುಕೊಂಡ; ಶುಕ್ರವಾರ ಮಾರ್ನಿಗೆ ಅದು ಬೇಕು. ಗಂಟೆ ನಾಲ್ಕೂವರೆ. ಮೋಡ ಒಂದು ಚೂರೂ ಇರಲಿಲ್ಲ. ಸೇತುವೆಯವರೆಗೆ ಮೂರು ಮೈಲಿ ಸಪಾಟು ದಾರಿ, ಅಷ್ಟಕ್ಕೆ ಹಿಂದಿನ ಬ್ರೇಕೇ ಸಾಕು, ಅವನ ಕಾಲಿಗೆ ಅಭ್ಯಾಸವಾದದ್ದೂ ಅದೇ.

ಐದಕ್ಕೆ ಹತ್ತು ನಿಮಿಷ ಇರುವಾಗ ಸೇತುವೆಯ ಕೆಳಗಿನ ಕೆಂಪು ದೀಪದಲ್ಲಿ ದೋಣಿ ಎಳೆದುಕೊಂಡು ಹೋಗುತ್ತಿದ್ದ ಲಾರಿಗೆ ಬಡಿದ. ಅಲ್ಲೇ ಪ್ರಾಣ ಹೋಯಿತು.

ಸೈಕಲ್ಲಿನ ಮೇಲೆ ನನ್ನ ಶೆಡ್ಡಿನ ಚೀಟಿ ಇತ್ತಲ್ಲ, ಮಾರನೆಯ ದಿನ ಪೊಲೀಸಿನವನು ಕರೆಸಿದ. ಚಿಕ್ಕ ವಯಸ್ಸಿನವನು, ಬೇಸರದಿಂದ ಆಕಳಿಸುತ್ತಿದ್ದ. ಗುಜರಿಯಂಗಳದಲ್ಲಿ ಸೈಕಲ್ಲು ಮಲಗಿತ್ತು. ಫೋರ್ಕು ಮುರಿದಿತ್ತು, ಆದರೆ ಚಕ್ರ ಅರ್ಧಂಬರ್ಧ ದುಂಡಗಿತ್ತು. ಬಲಗೈಯ ಬ್ರೇಕಿನ ಹಿಡಿ ಬಗ್ಗಿ ಹ್ಯಾಂಡಲ್ಲಿಗೆ ಅಂಟಿಕೊಂಡಿತ್ತು. ಅಷ್ಟು ಜೋರಾಗಿ ಹಿಡಿದಿದ್ದಾನೆ, ಆದರೂ ಯಾಕೆ ನಿಲ್ಲಲಿಲ್ಲ ಎಂದು ಬಗ್ಗಿ ರಿಮ್ಮಿನ ಮೇಲೆ ಹೆಬ್ಬೆರಳು ಎಳೆದೆ. ಜಾರಿತು. ಮೂಗಿಗೆ ಹಿಡಿದೆ. ನನ್ನ ಬಟ್ಟೆಯದೇ ಎಣ್ಣೆ.

ಆ ಬ್ರೇಕು ಇರದಿದ್ದರೆ ಅವನು ನೆತ್ತಿಯಲ್ಲಿ ಇಳಿದು ತಳ್ಳಿಕೊಂಡು ಹೋಗಿರುತ್ತಿದ್ದ. ತಡವಾಗುತ್ತಿತ್ತು ಅಷ್ಟೇ.

"ಏನಾದ್ರೂ ಹೇಳೋದಿದೆಯಾ ಮೇಡಂ?" ಎಂದು ಪೊಲೀಸಿನವನು ಕೇಳಿದ.

"ಇಲ್ಲ," ಅಂದೆ.

ಹೌದು, ಇಲ್ಲ ಅಂದೆ. ನನ್ನ ಬಾಯಿಗೆ ಹುಳ ಬೀಳ. ಶೆಡ್ಡು ಹೋಗುತ್ತದೆ ಎಂಬ ಭಯವೋ, ಊರವರ ಮುಖ ನೋಡುವ ಭಯವೋ, ಎರಡೂ ಇರಬೇಕು. ಮನೆಗೆ ಬಂದು ಎಣ್ಣೆಬಟ್ಟೆಯನ್ನು ಒಲೆಗೆ ಹಾಕಿದೆ.

ಮಂಗಳವಾರ ಚರ್ಚಿನಲ್ಲಿ ಮಣ್ಣು ಮಾಡುವ ಮುಂಚಿನ ಪ್ರಾರ್ಥನೆ. ಇಪ್ಪತ್ತು ಜನ ಬಂದಿದ್ದರು. ಆಮೇಲೆ ಪಕ್ಕದ ಹಾಲಿನಲ್ಲಿ ಕಾಫಿ ಕುಡಿಯುತ್ತಾ ನಿಂತಾಗ ಗ್ಲೆಂಡಾ ಯಾರೊಂದಿಗೋ ಹೇಳುತ್ತಿದ್ದಳು, "ರೋಡಿನ ಮೇಲೆ ಬ್ರೇಕು ಹಿಡಿದ ಗುರುತೇ ಇಲ್ವಂತೆ. ಬಾಣ ಬಿಟ್ಟ ಹಾಗೆ ಬಂದನಂತೆ. ನೆಟ್ಟಗಿರೋನು ಹಾಗೆ ಬರ್ತಾನಾ? ಹಾಕಿದ್ದ, ಇನ್ನೇನು."

"ರಕ್ತ ಪರೀಕ್ಷೆ ಮಾಡ್ತಾರಲ್ಲ ಗ್ಲೆಂಡಾ," ಎಂದೆ.

"ಅದು ಬರೋಕೆ ಎಂಟು ವಾರ. ನಂಗೆ ಪರೀಕ್ಷೆ ಬೇಕಾಗಿಲ್ಲ, ಮೂವತ್ತು ವರ್ಷ ನೋಡಿದೀನಿ ಅವನನ್ನ. ಹೊಸ ಬ್ರೇಕು ಹಾಕಿಸ್ಕೊಂಡ ಖುಷಿಗೆ ಒಂದು ಗುಟುಕು ಹಾಕಿರ್ತಾನೆ."

"ಮಾರ್ನಿಗೆ ಹೇಳಿದ್ಯಾ ಹೀಗಂತ?"

"ಮತ್ತೆ? ಸುಳ್ಳು ಹೇಳ್ಲಾ? ಅವತ್ತಿಂದ ತುಟಿ ಬಿಚ್ಚಿಲ್ಲ, ಒಂದಗುಳು ತಿಂದಿಲ್ಲ. ಹೊಟ್ಟೆಗೆ ನಳಿಗೆ ಹಾಕ್ತೀವಿ ಅಂತಿದಾರೆ ಡಾಕ್ಟ್ರು. ಅದಕ್ಕೂ ತಲೆ ಅಲ್ಲಾಡಿಸ್ತಾಳೆ, ಬೇಡ ಅಂತ. ಬೇಡ ಅಂದ್ರೆ ಅವರು ಹಾಕೋ ಹಾಗಿಲ್ವಂತೆ. ಸತ್ತೂ ಸಾಯಿಸ್ತಾನೆ ಆ ಕುಡುಕ." ಹೇಳುತ್ತಾ ಹೇಳುತ್ತಾ ಗ್ಲೆಂಡಾ ಅತ್ತುಬಿಟ್ಟಳು. ಅವಳು ಕೆಟ್ಟವಳಲ್ಲ. ಹನ್ನೆರಡು ವರ್ಷ ಆ ಹುಡುಗಿಯ ಬಟ್ಟೆ ಒಗೆದವಳು.

ಮಾರನೆಯ ದಿನ ಮಧ್ಯಾಹ್ನ ಮಂಡಿಯವರೊಬ್ಬರ ಗಾಡಿಯಲ್ಲಿ ದ್ವೀಪಕ್ಕೆ ಹೋದೆ. ಸೇತುವೆ ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ಮಾರ್ನಿಯನ್ನು ಅದಕ್ಕೆ ಮುಂಚೆ ಎರಡೇ ಸಲ ನೋಡಿದ್ದೆ. ದಿಂಬಿನ ಮೇಲೆ ಅವಳ ಮುಖ ಅಂಗೈಯಷ್ಟಾಗಿತ್ತು. ಕಿಟಕಿಯ ಕಡೆ ನೋಡುತ್ತಿದ್ದಳು. ಕುರ್ಚಿ ಎಳೆದುಕೊಂಡು ಕೂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ನಾನು ವರ್ನಾ. ನಿಮ್ಮಪ್ಪನ ಸೈಕಲ್ಲಿಗೆ ಬ್ರೇಕು ಹಾಕಿದವಳು. ಅವನು ಕುಡಿದಿರ್ಲಿಲ್ಲ ಮಾರ್ನಿ."

ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

"ಅವತ್ತು ಬೆಳಿಗ್ಗೆಯಿಂದ ನಾಲ್ಕೂವರೆವರೆಗೂ ನನ್ನ ಪಕ್ಕದಲ್ಲೇ ಕೂತಿದ್ದ. ಕುಡಿದದ್ದು ಎರಡು ಲೋಟ ಐಸ್ ಟೀ, ನಾನೇ ಕೊಟ್ಟಿದ್ದು. ಬ್ರೇಕು ಹಿಡಿದಿದ್ದ ಮಗಳೇ. ಹಿಡಿ ಬಗ್ಗಿ ಹೋಗೋ ಹಾಗೆ ಹಿಡಿದಿದ್ದ, ನಾನೇ ನೋಡಿದೆ. ನಿಲ್ಲಲಿಲ್ಲ. ಯಾಕಂದ್ರೆ ರಿಮ್ಮಿಗೆ ಎಣ್ಣೆ ಒರೆಸಿದ್ದೆ ನಾನು. ತುಕ್ಕು ಹಿಡೀಬಾರ್ದು ಅಂತ. ಅಭ್ಯಾಸ. ಬ್ರೇಕು ಅಲ್ಲೇ ಹಿಡಿಯೋದು ಅಂತ ಗೊತ್ತಿದ್ದೂ ಒರೆಸಿದೆ. ಅವನದೇನೂ ತಪ್ಪಿಲ್ಲ."

ಪಕ್ಕದ ಕೋಣೆಯಲ್ಲಿ ಟಿವಿ ಒದರುತ್ತಿತ್ತು. ಅವಳ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ನಿಮಗೆ... ಯಾವಾಗ ಗೊತ್ತಾಯ್ತು?"

"ಶನಿವಾರ."

"ಇವತ್ತು ಬುಧವಾರ."

"ಹೌದು."

"ಐದು ದಿನ," ಎಂದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಐದು ದಿನ ನಾನು ಅಪ್ಪನ್ನ ಬೈಕೊಂಡು ಮಲಗಿದೀನಿ. ಸತ್ತಿದ್ದು ಒಳ್ಳೇದಾಯ್ತು ಅಂದ್ಕೊಂಡೆ. ಅಂದ್ಕೊಳ್ಳೋಕೆ ಬಿಟ್ರಿ ನೀವು."

ಎಣ್ಣೆ ಒರೆಸಿದ್ದು ಕೈತಪ್ಪು ಎನ್ನಬಹುದು. ಈ ಐದು ದಿನ ಕೈತಪ್ಪಲ್ಲ. ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಅವನನ್ನು ಕೊಂದದ್ದೊಂದೇ ನನ್ನ ಪಾಪ ಎಂದುಕೊಂಡು ಹೋಗಿದ್ದೆ.

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ," ಎಂದೆ.

"ಹೋಗಿ."

ಎದ್ದೆ. ಬಾಗಿಲ ಹತ್ತಿರ ಹೋದಾಗ ಅವಳು ಅಳುವುದು ಕೇಳಿಸಿತು. ಕಣ್ಣು ಒರೆಸಿಕೊಳ್ಳಲು ಅವಳಿಗೆ ಕೈಯಿಲ್ಲ. ತಿರುಗಿ ಹೋಗಿ ಒರೆಸಲು ನನಗೆ ಮುಖವಿರಲಿಲ್ಲ.

ಗ್ಲೆಂಡಾಗೂ, ಪೊಲೀಸರಿಗೂ ಅವತ್ತೇ ಹೇಳಿದೆ. ಗ್ಲೆಂಡಾ ಕೆನ್ನೆಗೆ ಹೊಡೆದಳು. ಹೊಡೆಯಲಿ. ಪೊಲೀಸಿನವನು ಬರೆದುಕೊಂಡ, ಏನೂ ಮಾಡಲಿಲ್ಲ. ಶೆಡ್ಡಿಗೆ ಈಗ ಹುಲ್ಲಿನ ಯಂತ್ರಗಳು ಮಾತ್ರ ಬರುತ್ತವೆ. ಬ್ರೇಕಿರುವ ಯಾವುದನ್ನೂ ನಾನು ಮುಟ್ಟುವುದಿಲ್ಲ, ಯಾರೂ ತರುವುದೂ ಇಲ್ಲ.

ಗುರುವಾರ ಬೆಳಿಗ್ಗೆ ಆರೈಕೆ ಮನೆಗೆ ಫೋನು ಮಾಡಿದೆ. ಎತ್ತಿದ ನರ್ಸು ನನ್ನ ಹೆಸರು ಕೇಳಿ ಸ್ವಲ್ಪ ತಡೆದಳು.

"ನಿನ್ನೆ ಸಂಜೆ ಐದಕ್ಕೆ ಊಟ ತನ್ನಿ ಅಂತ ಅವಳೇ ಹೇಳಿದ್ಲು ಮೇಡಂ. ಅರ್ಧ ಬಟ್ಟಲು ತಿಂದ್ಲು. ಅಳ್ತಾ ಅಳ್ತಾನೇ ತಿಂದ್ಲು."

"ದೇವರು ದೊಡ್ಡವನು," ಎಂದೆ.

"ಇನ್ನೊಂದು ಹೇಳ್ಬೇಕಿತ್ತು. ನಿಮ್ಮನ್ನ ಇನ್ಮೇಲೆ ಒಳಗೆ ಬಿಡಬಾರ್ದು ಅಂತ ಬರೆಸಿದಾಳೆ. ಫೋನ್ ಬಂದ್ರೂ ಏನೂ ಹೇಳ್ಬಾರ್ದಂತೆ. ಇವತ್ತೊಂದು ದಿನ ಹೇಳ್ಬಿಟ್ಟೆ."

"ಸರಿ ಕಣಮ್ಮ," ಎಂದು ಇಟ್ಟುಬಿಟ್ಟೆ.